ತಂತಿ ಮೇಲಿರಲೋ, ನೆಲದಡಿ ಹೋಗಲೋ: ಬೀದಿ ನೋಡಿ ವಿದ್ಯುತ್ ಮಾರ್ಗ ಆರಿಸುವ ಬಗೆ

ಬೆಂಗಳೂರಿನಲ್ಲಿ ಯಾವ ಬಡಾವಣೆಯ ಸಭೆಗೆ ಹೋದರೂ ‘ನಮ್ಮ ಬೀದಿಯ ತಂತಿಗಳನ್ನೆಲ್ಲ ನೆಲದೊಳಕ್ಕೆ ಹಾಕಿಸಿಕೊಡಿ’ ಎಂಬ ಬೇಡಿಕೆ ಇದ್ದೇ ಇರುತ್ತದೆ. ಬೇಡಿಕೆ ನ್ಯಾಯವಾದದ್ದೇ. 2023ರ ನವೆಂಬರ್ 19ರ ಬೆಳಗಿನ ಜಾವ ಹೋಪ್ ಫಾರ್ಮ್ ಜಂಕ್ಷನ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಪ್ರಾಣ ಕಳೆದುಕೊಂಡರು. ಅಂಥದ್ದು ಇನ್ನೊಮ್ಮೆ ಆಗಬಾರದು ಎಂದು ಕೇಳುವುದು ಯಾರದೇ ಹಕ್ಕು. ಆದರೆ ‘ಎಲ್ಲ ತಂತಿ ನೆಲದೊಳಕ್ಕೆ’ ಅನ್ನುವುದು ಒಂದೇ ಕೆಲಸವಲ್ಲ. ಅದರೊಳಗೆ ನಾಲ್ಕೈದು ಬೇರೆ ಬೇರೆ ಆಯ್ಕೆಗಳಿವೆ, ಒಂದೊಂದಕ್ಕೂ ಅದರದೇ ಖರ್ಚು, ಅದರದೇ ಕಾಯಿಲೆ. ಎಂ.ಜಿ. ರಸ್ತೆಗೆ ಸರಿಹೋಗುವುದು ಚಿಕ್ಕಪೇಟೆಯ ಓಣಿಗೆ ಹೊಂದುವುದಿಲ್ಲ. ವಾರ್ಡ್ ಸಮಿತಿಯವರು, ಬಡಾವಣೆ ಸಂಘದವರು, ಪಾಲಿಕೆಯ ಎಂಜಿನಿಯರುಗಳು ಒಂದು ಬೀದಿಯ ಮುಂದೆ ನಿಂತು ತೀರ್ಮಾನ ಮಾಡುವಾಗ ಏನನ್ನು ಅಳೆಯಬೇಕು, ಏನನ್ನು ಕೇಳಬೇಕು ಎಂಬುದು ಇಲ್ಲಿದೆ.

ಮೊದಲು ಕಂಬದ ಮೇಲೆ ಏನೇನಿದೆ ಎಂದು ಬಿಡಿಸಿ ನೋಡಿ

ತುದಿಯಲ್ಲಿ ಅಡ್ಡ ಕಬ್ಬಿಣಕ್ಕೆ ದಪ್ಪ ಪಿಂಗಾಣಿ ಇನ್ಸುಲೇಟರ್ ಕೂರಿಸಿ ಎಳೆದ ಮೂರು ತಂತಿ 11 ಕೆವಿ (11 ಸಾವಿರ ವೋಲ್ಟ್), ಅಂದರೆ ಎಚ್‌ಟಿ, ಹೈ ಟೆನ್ಷನ್. ಅದರ ಕೆಳಗೆ ನಾಲ್ಕೋ ಐದೋ ತಂತಿಯ ಸಾಲು ಎಲ್‌ಟಿ, ಲೋ ಟೆನ್ಷನ್. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ) 433 ವೋಲ್ಟ್‌ನಲ್ಲಿ ಹೊರಟು ಮನೆಮನೆಗೆ ಹೋಗುವುದು ಇದು. ಅದಕ್ಕೂ ಕೆಳಗೆ, ಕೈಗೆ ಸಿಗುವ ಎತ್ತರದಲ್ಲಿ ಸಿಂಬೆ ಸುತ್ತಿಕೊಂಡು ನೇತಾಡುವ ಕಪ್ಪು ಕೇಬಲ್‌ಗಳು ಇಂಟರ್‌ನೆಟ್ ಮತ್ತು ಟಿವಿಯವರದು.

ಜನಕ್ಕೆ ಕಣ್ಣಿಗೆ ರಾಚುವುದು ಮೂರನೆಯದು. ಪ್ರಾಣ ತೆಗೆಯುವುದು ಮೊದಲೆರಡು. ಪೂರೈಕೆ ಹಾಳಾಗುವುದು ಬಹುಮಟ್ಟಿಗೆ ಮೊದಲನೆಯದರಿಂದ, ಯಾಕೆಂದರೆ ಒಂದು 11 ಕೆವಿ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಮಾರ್ಗ) ಟ್ರಿಪ್ ಆಗಿ ನಿಂತರೆ ಹತ್ತಾರು ಟಿಸಿಗಳು ಒಟ್ಟಿಗೆ ಕತ್ತಲಾಗುತ್ತವೆ. ಎಲ್‌ಟಿ ತಂತಿ ಕಡಿದರೆ ಒಂದೆರಡು ಬೀದಿಗೆ ಮಾತ್ರ ತೊಂದರೆ. ಹಾಗಾಗಿ ಮೂರಕ್ಕೂ ಮೂರು ಬೇರೆ ತೀರ್ಮಾನ ಬೇಕು. ಈ ಬರಹದ ನಿಲುವನ್ನು ಮೊದಲೇ ಹೇಳಿಬಿಡುವುದಾದರೆ: ಊರಿನ ಹೆಚ್ಚಿನ ವಸತಿ ಬೀದಿಗಳಲ್ಲಿ 11 ಕೆವಿಯನ್ನು ನೆಲದಡಿಗೆ ಇಳಿಸಿ, ಎಲ್‌ಟಿಯನ್ನು ಕಂಬದ ಮೇಲೆಯೇ ಎಬಿ ಕೇಬಲ್‌ಗೆ (ಹೊದಿಕೆ ಇರುವ ಎಳೆಗಳನ್ನು ಹೆಣೆದ ಕೇಬಲ್‌ಗೆ) ಬದಲಾಯಿಸಿ, ಇಂಟರ್‌ನೆಟ್‌ಗೆ ಪ್ರತ್ಯೇಕ ಡಕ್ಟ್ (ನೆಲದಡಿಯ ಕೊಳವೆ) ಕೊಡುವುದು ಒಳ್ಳೆಯದು. ಬೆಸ್ಕಾಂ ಬೆಂಗಳೂರಿನಲ್ಲಿ ಕೈಗೆತ್ತಿಕೊಂಡ ದೊಡ್ಡ ಯೋಜನೆಯ ಜೋಡಣೆಯೂ ಇದೇ. ಇದಕ್ಕೆ ಹೊರತಾದ ಬೀದಿಗಳೂ ಸಾಕಷ್ಟಿವೆ, ಅವನ್ನು ಮುಂದೆ ನೋಡೋಣ.

ಬರಿ ತಂತಿ: ಎಲ್ಲಿ ಬಿಡಬಹುದು, ಎಲ್ಲಿ ಬಿಡಲೇಬಾರದು

ಅಲ್ಯುಮಿನಿಯಂ ಎಳೆಗಳ ನಡುವೆ ಉಕ್ಕಿನ ಎಳೆ ಇರುವ ಎಸಿಎಸ್‌ಆರ್ ತಂತಿ (ನಮ್ಮಲ್ಲಿ ರ‍್ಯಾಬಿಟ್, ಕಯೋಟಿ ಎಂಬ ಹೆಸರಿನ ಅಳತೆಗಳು ಬಳಕೆಯಲ್ಲಿವೆ) ಅಗ್ಗ, ಗಾಳಿಗೆ ತಾನೇ ತಣಿಯುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಕೊಂಬೆ ತಾಗಿ ಹೋದ ಕರೆಂಟ್ ಬಹಳಷ್ಟು ಸಲ ಬ್ರೇಕರ್ (ದೋಷ ಬಂದಾಗ ಕರೆಂಟ್ ಕಡಿಯುವ ಸ್ವಿಚ್) ಮತ್ತೆ ಕೂತ ಕೂಡಲೇ ಬಂದುಬಿಡುತ್ತದೆ. ತುಂಡಾದರೂ ಲೈನ್‌ಮನ್ ಏಣಿ ಹಾಕಿ ಒಂದೆರಡು ಗಂಟೆಯಲ್ಲಿ ಕೂಡಿಸುತ್ತಾರೆ.

ಅದರ ದೊಡ್ಡ ಅಪಾಯ ಬೇರೆ. ತುಂಡಾದ 11 ಕೆವಿ ತಂತಿ ಒಣ ಡಾಂಬರಿನ ಮೇಲೋ ಕಾಂಕ್ರೀಟಿನ ಮೇಲೋ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟ್ ಎಷ್ಟೋ ಸಲ ತೀರಾ ಕಡಿಮೆ. ಸಬ್‌ಸ್ಟೇಷನ್‌ನಲ್ಲಿ ದೋಷ ಗುರುತಿಸಿ ಬ್ರೇಕರ್ ಬೀಳಿಸುವ ರಿಲೇಗೆ ಅದು ದೋಷದಂತೆ ಕಾಣುವುದಿಲ್ಲ, ಮಾಮೂಲಿ ಲೋಡಿನ ಏರಿಳಿತದೊಳಗೆ ಮುಚ್ಚಿಹೋಗುತ್ತದೆ. ಬ್ರೇಕರ್ ಬೀಳುವುದಿಲ್ಲ, ತಂತಿ ಜೀವಂತವಾಗಿಯೇ ನೆಲದ ಮೇಲೆ ಬಿದ್ದಿರುತ್ತದೆ. ರಿಲೇಯನ್ನು ಎಷ್ಟು ಸೂಕ್ಷ್ಮವಾಗಿ ಕೂರಿಸಿದರೂ ಇದನ್ನು ಪೂರ್ತಿ ತಪ್ಪಿಸಲಾಗದು. ಜನ ಓಡಾಡುವ ಫುಟ್‌ಪಾತ್ ಮೇಲೆ 11 ಕೆವಿ ಬರಿ ತಂತಿ ಇರಬಾರದು ಎಂಬ ವಾದಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯದು ಅಂತರ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಅಳತೆಗಳು ಹೀಗಿವೆ: 11 ಕೆವಿ ತಂತಿಗೂ ಕಟ್ಟಡಕ್ಕೂ ಪಕ್ಕದಲ್ಲಿ ಕನಿಷ್ಠ 1.2 ಮೀಟರ್, ಛಾವಣಿಯ ಮೇಲಿಂದ ಹಾದರೆ 3.7 ಮೀಟರ್. ಎಲ್‌ಟಿ ತಂತಿಗೆ ಪಕ್ಕದಲ್ಲಿ 1.2, ಮೇಲೆ 2.5 ಮೀಟರ್. ರಸ್ತೆ ದಾಟುವಲ್ಲಿ 11 ಕೆವಿ ನೆಲದಿಂದ 6.1 ಮೀಟರ್, ಎಲ್‌ಟಿ 5.8 ಮೀಟರ್ ಎತ್ತರದಲ್ಲಿರಬೇಕು. ಗಾಳಿಗೆ ತಂತಿ ತೂಗಿ ಕಟ್ಟಡದತ್ತ ಬಂದಾಗಲೂ ಈ ಅಂತರ ಉಳಿಯಬೇಕು. ಮೂವತ್ತಡಿ ರಸ್ತೆಯಲ್ಲಿ ಸೈಟಿನ ಅಂಚಿಗೇ ಗೋಡೆ ಎಬ್ಬಿಸಿ, ಮೇಲಿನ ಮಹಡಿಗೆ ಮೂರಡಿ ಬಾಲ್ಕನಿ ಚಾಚಿದ ಮನೆಗಳ ಮುಂದೆ ಇದು ಉಳಿದಿರುವುದು ಅಪರೂಪ.

ಅಳೆಯಲು ಹೋಗುವವರಿಗೆ ಒಂದು ಮಾತು: ಬಾಲ್ಕನಿಯಲ್ಲಿ ನಿಂತು ಟೇಪ್ ಚಾಚಬೇಡಿ, ಕೋಲನ್ನಂತೂ ಎತ್ತಲೇಬೇಡಿ. ರಸ್ತೆಯಲ್ಲಿ ನಿಂತು, ತಂತಿಯ ನೇರ ಕೆಳಗಿನ ಬಿಂದುವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬಾಲ್ಕನಿಯ ಅಂಚಿನ ನೇರ ಕೆಳಗಿನ ಬಿಂದುವನ್ನೂ ಗುರುತು ಮಾಡಿ, ಎರಡರ ನಡುವೆ ನೆಲದ ಮೇಲೆ ಅಳೆಯಿರಿ. ಅದು 1.2 ಮೀಟರಿಗಿಂತ ಕಡಿಮೆ ಬಂದರೆ ಆ ಮಾರ್ಗವನ್ನು ಹಾಗೇ ಬಿಡುವ ಪ್ರಶ್ನೆಯೇ ಇಲ್ಲ.

ಬರಿ ತಂತಿಯನ್ನು ಇನ್ನೂ ಬಿಡಬಹುದಾದ ಜಾಗ ಊರಿನ ಅಂಚು. ದಿನಕ್ಕೊಂದು ಮನೆ ಏಳುತ್ತ, ತಿಂಗಳಿಗೊಂದು ಟಿಸಿ ಸೇರುತ್ತ, ಚರಂಡಿ ಇನ್ನೂ ಬರದ, ರಸ್ತೆ ಇನ್ನೂ ಅಗಲವಾಗಬೇಕಾದ ಕಡೆ ಈಗ ಕೇಬಲ್ ಹೂತರೆ ಎರಡು ವರ್ಷದಲ್ಲಿ ಜೆಸಿಬಿ ಅದನ್ನು ಕಿತ್ತುಹಾಕುತ್ತದೆ.

ಎಬಿ ಕೇಬಲ್: ಎಲ್‌ಟಿಗೆ ಅಗ್ಗದ ಒಳ್ಳೆಯ ದಾರಿ

ಏರಿಯಲ್ ಬಂಚ್ಡ್ ಕೇಬಲ್‌ನಲ್ಲಿ ಮೂರು ಫೇಸಿನ ಎಳೆಗಳಿಗೂ ಕಪ್ಪು ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್) ಹೊದಿಕೆ ಇದ್ದು, ಅವನ್ನು ಭಾರ ಹೊರುವ ಮೆಸೆಂಜರ್ ತಂತಿಯ ಸುತ್ತ ಹೆಣೆದಿರುತ್ತಾರೆ. ಸಾಮಾನ್ಯವಾಗಿ ಸಿಗುವುದು 3×95 + 1×70 + 1×16 ಚದರ ಮಿಮೀ: 95ರ ಮೂರು ಫೇಸ್, 70ರ ಮೆಸೆಂಜರ್ (ಅದೇ ನ್ಯೂಟ್ರಲ್ ಕೂಡ), 16ರದು ಬೀದಿದೀಪಕ್ಕೆ. ಕೊಂಬೆ ತಾಗಿದರೆ ಕಿಡಿ ಹಾರುವುದಿಲ್ಲ, ಗಾಳಿಗೆ ಎರಡು ತಂತಿ ಒಂದಕ್ಕೊಂದು ಬಡಿದು ಫ್ಯೂಸ್ ಹೋಗುವುದಿಲ್ಲ, ಕೊಕ್ಕೆ ಹಾಕಿ ಕರೆಂಟ್ ಕದಿಯಲಾಗುವುದಿಲ್ಲ. ಇರುವ ಕಂಬಗಳೇ ಸಾಕು, ರಸ್ತೆ ಅಗೆಯುವುದು ಬೇಡ.

ಕೆಡುವುದು ಹೆಚ್ಚಾಗಿ ಸಂದಿಯಲ್ಲಿ. ಮನೆಗೆ ಸರ್ವೀಸ್ ವೈರ್ ಕೊಡಲು ಇನ್ಸುಲೇಷನ್ ಪಿಯರ್ಸಿಂಗ್ ಕನೆಕ್ಟರ್ ಎಂಬ ಹಲ್ಲಿನ ಕ್ಲಾಂಪ್ ಬಳಸಬೇಕು. ಅದರ ಬೋಲ್ಟಿನ ತಲೆ ಸರಿಯಾದ ಬಿಗಿತಕ್ಕೆ ತಾನೇ ಮುರಿದು ಬೀಳುತ್ತದೆ, ಅಂದಾಜಿನ ಮೇಲೆ ಬಿಗಿಯುವ ಕೆಲಸವಿಲ್ಲ. ಕ್ಲಾಂಪ್ ಸಿಗಲಿಲ್ಲವೆಂದು ಬ್ಲೇಡಿನಲ್ಲಿ ಹೊದಿಕೆ ಸುಲಿದು ತಾಮ್ರದ ಸರ್ವೀಸ್ ವೈರನ್ನು ಅಲ್ಯುಮಿನಿಯಂ ಮೇಲೆ ಸುತ್ತಿ ಟೇಪ್ ಹೊಡೆದರೆ, ಮಳೆನೀರು ಸೇರಿ ಎರಡು ಲೋಹಗಳ ನಡುವೆ ತುಕ್ಕು ಕೂತು, ಬೇಸಿಗೆಯ ಲೋಡಿಗೆ ಆ ಜಾಗ ಕಾದು ಸುಟ್ಟುಹೋಗುತ್ತದೆ. ಕೇಬಲಿನ ಕೊನೆಯ ತುದಿಗೆ ಟೋಪಿ ಹಾಕದೆ ಬಿಟ್ಟರೆ ಎಳೆಗಳ ಸಂದಿನಲ್ಲಿ ನೀರು ಹತ್ತಾರು ಮೀಟರ್ ಒಳಕ್ಕೆ ಹರಿಯುತ್ತದೆ. ನ್ಯೂಟ್ರಲ್ಲೂ ಆಗಿರುವ ಮೆಸೆಂಜರನ್ನು ಅಲ್ಲಲ್ಲಿ ಅರ್ಥ್ ಮಾಡಲೇಬೇಕು. ಮಾಡದೆ ಅದು ಎಲ್ಲೋ ಬಿಟ್ಟುಹೋದರೆ ಮನೆಗಳಿಗೆ 230ರ ಬದಲು 350–400 ವೋಲ್ಟ್ ನುಗ್ಗಿ ಟಿವಿ, ಫ್ರಿಜ್ ಸಾಲಾಗಿ ಸುಡುತ್ತವೆ. ಇನ್ನು ಮರ: ಎಬಿ ಕೇಬಲ್ ಹಾಕಿದ ಮೇಲೆ ಕೊಂಬೆ ಸವರುವುದೇ ಬೇಡ ಎಂಬುದು ತಪ್ಪು. ದಪ್ಪ ಕೊಂಬೆ ವರ್ಷಗಟ್ಟಲೆ ಉಜ್ಜಿದರೆ ಹೊದಿಕೆ ಸವೆಯುತ್ತದೆ. ಸವರುವ ಪ್ರಮಾಣ ಕಡಿಮೆಯಾಗುತ್ತದೆ, ಅಷ್ಟೇ.

11 ಕೆವಿಗೂ ಹೊದಿಕೆಯ ತಂತಿ ಉಂಟಲ್ಲ, ಅದನ್ನೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಕವರ್ಡ್ ಕಂಡಕ್ಟರ್ ಕೊಂಬೆಯ ತಾಗುವಿಕೆಗೆ ಒಳ್ಳೆಯದು, ಮರಗಳ ನಡುವೆ ಹಾದುಹೋಗುವ ಮಾರ್ಗಕ್ಕೆ ಬೇಕೆನಿಸುತ್ತದೆ. ಆದರೆ ಅದಕ್ಕೆ ಅರ್ಥ್ ಮಾಡಿದ ಲೋಹದ ಪದರ ಇರುವುದಿಲ್ಲ. ಮುಟ್ಟಿದರೆ ಬರಿ ತಂತಿಯಷ್ಟೇ ಅಪಾಯ ಎಂದು ಲೆಕ್ಕ ಹಾಕಬೇಕು, ಕಟ್ಟಡದಿಂದ ಇರಬೇಕಾದ ಅಂತರದಲ್ಲಿ ರಿಯಾಯಿತಿ ಇಲ್ಲ. ಬಾಲ್ಕನಿ ಹತ್ತಿರವಾಯಿತು ಎಂಬ ಸಮಸ್ಯೆಗೆ ಅದು ಉತ್ತರವಾಗದು.

11 ಕೆವಿ ನೆಲದಡಿಗೆ: ತೋಡುವುದೋ, ಕೊರೆಯುವುದೋ, ಡಕ್ಟೋ

ನಗರದಲ್ಲಿ ಹೆಚ್ಚಾಗಿ ಹಾಕುವುದು ಮೂರು ಕೋರಿನ ಅಲ್ಯುಮಿನಿಯಂ ಎಕ್ಸ್‌ಎಲ್‌ಪಿಇ ಕೇಬಲ್. ಮುಖ್ಯ ಫೀಡರಿಗೆ 400 ಚದರ ಮಿಮೀ, ಕವಲಿಗೆ 240 ಅಥವಾ 95. ನಾನೂರರ ಕೇಬಲ್ ಸುಮಾರು 85–90 ಮಿಮೀ ದಪ್ಪ ಇರುತ್ತದೆ. ನೆಲದಲ್ಲಿ ಹೂತಾಗ ಸುಮಾರು 400 ಆಂಪಿಯರ್ ಹೊರುತ್ತದೆ. ಪೈಪಿನೊಳಗೆ ಹಾಕಿದರೆ ಸುತ್ತ ನಿಂತ ಗಾಳಿ ಶಾಖವನ್ನು ಬಿಟ್ಟುಕೊಡದೆ ಶೇ 10ರಿಂದ 15ರಷ್ಟು ಕಡಿಮೆ. ಒಂದೇ ಕಡೆ ಮೂರ್ನಾಲ್ಕು ಕೇಬಲ್ ಒತ್ತಿಕೊಂಡಿದ್ದರೆ ಇನ್ನೂ ಕಡಿಮೆ. ಟೆಂಡರಿನಲ್ಲಿ ಕೇಬಲ್ ಕಂಪನಿಯ ಪುಸ್ತಕದ ಅಂಕಿ ಬರೆದು, ಸಬ್‌ಸ್ಟೇಷನ್ ಬಾಗಿಲಲ್ಲಿ ಎಂಟು ಕೇಬಲ್‌ಗಳನ್ನು ಒಂದೇ ಗುಂಡಿಯಲ್ಲಿ ಹೊರಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅಲ್ಲಿಯೇ ಮೊದಲು ಕಾದು ಕೆಡುತ್ತದೆ.

ತೆರೆದ ಕಾಲುವೆ ತೋಡಿ ಹಾಕುವುದು ಹಳೆಯ ವಿಧಾನ, ಈಗಲೂ ಎಲ್ಲಕ್ಕಿಂತ ನಂಬಿಕೆಯದು, ಯಾಕೆಂದರೆ ಏನು ಹಾಕಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ. ಕೇಬಲ್ ಹಾಕುವ ಕೆಲಸದ ಭಾರತೀಯ ಮಾನಕ ಐಎಸ್ 1255ರ ಪ್ರಕಾರ 11 ಕೆವಿಗೆ 0.9 ಮೀಟರ್ ಆಳ, ಎಲ್‌ಟಿಗೆ 0.75, ರಸ್ತೆ ದಾಟುವಲ್ಲಿ 1 ಮೀಟರ್. ನೀರು, ಗ್ಯಾಸ್, ಟೆಲಿಫೋನ್ ಮಾರ್ಗಗಳಿಂದ 0.3 ಮೀಟರ್ ದೂರ. ತಳದಲ್ಲಿ ಕಲ್ಲು ಆರಿಸಿ ಮರಳಿನ ಹಾಸು, ಅದರ ಮೇಲೆ ಕೇಬಲ್, ಮತ್ತೆ ಮರಳು, ಮೇಲೆ ಇಟ್ಟಿಗೆ ಅಥವಾ ಕಾಂಕ್ರೀಟ್ ಹಲಗೆ, ಅರ್ಧ ಮುಚ್ಚಿದ ಮೇಲೆ ಎಚ್ಚರಿಕೆಯ ಟೇಪ್. ಮರಳಿನ ದುಡ್ಡು ಉಳಿಸಲು ಅಗೆದ ಜಲ್ಲಿಮಣ್ಣನ್ನೇ ಸುರಿದರೆ ಎರಡು ನಷ್ಟ: ಚೂಪು ಕಲ್ಲು ಹೊರಕವಚವನ್ನು ಕೊರೆಯುತ್ತದೆ, ಮಣ್ಣಿನ ಸಂದಿನ ಗಾಳಿ ಶಾಖ ಹೋಗಲು ಬಿಡುವುದಿಲ್ಲ. ಪದರ ಪದರವಾಗಿ ಗುದ್ದದೆ ಮುಚ್ಚಿದರೆ ಮೊದಲ ಮಳೆಗೆ ರಸ್ತೆ ಕುಸಿದು, ಬೀದಿಯವರು ಇಡೀ ಯೋಜನೆಯನ್ನೇ ಶಪಿಸುತ್ತಾರೆ.

ಎರಡನೆಯದು ಎಚ್‌ಡಿಡಿ, ಅಡ್ಡ ಕೊರೆತ. ಎರಡು ಕಡೆ ಗುಂಡಿ ತೋಡಿ, ಒಂದರಿಂದ ಸಲಾಕೆ ನುಗ್ಗಿಸಿ ಇನ್ನೊಂದರಲ್ಲಿ ಹೊರತೆಗೆದು, ರೀಮರ್‌ನಿಂದ ತೂತು ಅಗಲಿಸಿ, ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಎಳೆದು, ಅದರೊಳಗೆ ಕೇಬಲ್ ಎಳೆಯುವುದು. 400ರ ಕೇಬಲಿಗೆ 160 ಮಿಮೀ ಪೈಪ್ ಬೇಕು, ಒಂದು ಪೈಪಿಗೆ ಒಂದೇ ಕೇಬಲ್. ಸಂಚಾರ ನಿಲ್ಲಿಸಬೇಕಾಗಿಲ್ಲ, ಡಾಂಬರು ಉಳಿಯುತ್ತದೆ, ಮರದ ಬೇರು ಉಳಿಯುತ್ತದೆ. ಬೆಂಗಳೂರಿಗೆ ಇದು ಹೊಂದಿದ್ದು ಅದಕ್ಕೇ.

ಆದರೆ ಕೊರೆಯುವವನಿಗೆ ಕೆಳಗೇನಿದೆ ಕಾಣುವುದಿಲ್ಲ. ಜಲಮಂಡಳಿಯ ಕೊಳವೆ, ಒಳಚರಂಡಿ, ಗ್ಯಾಸ್ ಲೈನ್, ಹಿಂದೆ ಯಾರೋ ಹಾಕಿ ನಕ್ಷೆ ಬಿಡದೆ ಹೋದ ಕೇಬಲ್ ಎಲ್ಲವೂ ಅದೇ ಎರಡು ಮೀಟರಿನೊಳಗೆ ಇವೆ. ನೆಲದ ರಾಡಾರ್ ಸಮೀಕ್ಷೆ ಮಾಡಿಸಿ, ಅದನ್ನೂ ಪೂರ್ತಿ ನಂಬದೆ ಅಡ್ಡಹಾಯುವ ಪ್ರತಿ ಜಾಗದಲ್ಲಿ ಕೈಯಿಂದ ಪರೀಕ್ಷಾ ಗುಂಡಿ ತೋಡಿ ನೋಡಬೇಕು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದದ್ದು ಅಗೆಯುವವರು ಮೊದಲೇ ತಿಳಿಸಲಿ ಎಂದೇ. ಗುತ್ತಿಗೆದಾರ ಅದರಲ್ಲಿ ನೋಂದಾಯಿಸಿದ್ದಾನೆಯೇ ಕೇಳಿ. ಬಂಡೆ ಸಿಕ್ಕಿದರೆ ಸಲಾಕೆ ತಪ್ಪಿಸಿಕೊಂಡು ಮೂರು ಮೀಟರ್ ಆಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಅಲ್ಲಿ ದೋಷ ಬಂದರೆ ತೋಡಿ ಮುಟ್ಟಲಾಗದು, ಎರಡು ಗುಂಡಿಗಳ ನಡುವಿನ ಇಡೀ ಕೇಬಲನ್ನೇ ಎಳೆದು ಬದಲಾಯಿಸಬೇಕು. ಪೈಪಿನ ಎರಡೂ ಬಾಯಿ ಮುಚ್ಚದೆ ಬಿಟ್ಟರೆ ಇಲಿ ಮತ್ತು ಚರಂಡಿ ನೀರು ಸೇರುತ್ತವೆ. ಪ್ರತಿ ಸಲಾಕೆಗೂ ಆಳ ಎಷ್ಟಿತ್ತು ಎಂದು ಲೊಕೇಟರ್ ತೋರಿಸಿದ ಪಟ್ಟಿಯನ್ನು ಬಿಲ್ಲಿನ ಜತೆ ಕಡ್ಡಾಯವಾಗಿ ಪಡೆಯಿರಿ. ಮುಂದೆ ಅಗೆಯುವವರಿಗೆ ಅದೊಂದೇ ನಕ್ಷೆ.

ಕೇಬಲ್ ಎಳೆಯುವಾಗಲೇ ಎಷ್ಟೋ ಕೇಬಲ್‌ಗಳು ಒಳಗೆ ಸಾಯುತ್ತವೆ. ಅಲ್ಯುಮಿನಿಯಂಗೆ ಪ್ರತಿ ಚದರ ಮಿಮೀಗೆ 30 ನ್ಯೂಟನ್ ಮಿತಿ; ಮೂರು ಕೋರಿನ 400ಕ್ಕೆ 36 ಸಾವಿರ ನ್ಯೂಟನ್, ಅಂದರೆ ಸುಮಾರು ಮೂರೂವರೆ ಟನ್. ವಿಂಚಿಗೆ ಎಳೆತ ತೋರಿಸುವ ಮೀಟರ್ ಇಲ್ಲದೆ, ಜೆಸಿಬಿಯ ಕೈಗೆ ಹಗ್ಗ ಕಟ್ಟಿ ಎಳೆದರೆ ಇದು ಯಾವಾಗ ಮೀರಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಾಗುವ ಕಡೆ ತ್ರಿಜ್ಯ ಕೇಬಲಿನ ದಪ್ಪದ 15 ಪಟ್ಟಾದರೂ ಇರಲಿ: 90 ಮಿಮೀ ಕೇಬಲಿಗೆ ಸುಮಾರು 1.35 ಮೀಟರ್. ಕಂಬದ ಬುಡದಲ್ಲಿ ಲಂಬಕೋನದಲ್ಲಿ ಮಡಚಿ ಮೇಲೇರಿಸಿದ ಕೇಬಲ್ ಕಂಡರೆ ಅಲ್ಲಿಯೇ ಕೆಲಸ ನಿಲ್ಲಿಸಿ.

ಮೂರನೆಯದು ಡಕ್ಟ್ ಮತ್ತು ಚೇಂಬರ್: ಫುಟ್‌ಪಾತ್ ಕೆಳಗೆ ವಿದ್ಯುತ್, ಇಂಟರ್‌ನೆಟ್, ನೀರು ಒಂದೊಂದಕ್ಕೂ ಜಾಗ ಗೊತ್ತುಮಾಡಿ ಕೊಳವೆಗಳ ಸಾಲು ಹಾಕಿ, ಅಲ್ಲಲ್ಲಿ ಇಳಿದು ನೋಡುವ ಚೇಂಬರ್ ಕಟ್ಟುವುದು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳ ಟೆಂಡರ್ ಶ್ಯೂರ್ (ರಸ್ತೆ, ಫುಟ್‌ಪಾತ್, ನೆಲದಡಿಯ ಕೊಳವೆಗಳನ್ನು ಒಟ್ಟಿಗೆ ಕಟ್ಟುವ ಯೋಜನೆ) ಕೆಲಸ ಇದೇ. ಮೊದಲ ಖರ್ಚು ಎಲ್ಲಕ್ಕಿಂತ ಹೆಚ್ಚು, ಆದರೆ ಮುಂದೆ ಹೊಸ ಕೇಬಲ್ ಬೇಕಾದರೆ ರಸ್ತೆ ಅಗೆಯಬೇಕಿಲ್ಲ. ಇದಕ್ಕೆ ಎರಡೂ ಬದಿ ಅಗಲವಾದ ಫುಟ್‌ಪಾತ್ ಬೇಕು. ಎರಡು ಮೀಟರಿಗಿಂತ ಕಿರಿದಾದಲ್ಲಿ ಚೇಂಬರಿನ ಮುಚ್ಚಳಗಳೇ ಫುಟ್‌ಪಾತ್ ಆಗಿಬಿಡುತ್ತವೆ. ಹಾಕುವಾಗಲೇ ಒಂದೆರಡು ಖಾಲಿ ಕೊಳವೆ ಬಿಡಿ, ಕೊಳವೆಯೊಳಗೆ ಎಳೆಯುವ ಹಗ್ಗ ಬಿಡಿ, ಚೇಂಬರಿನ ತಳಕ್ಕೆ ನೀರು ಹೋಗುವ ದಾರಿ ಬಿಡಿ. ರಸ್ತೆಯನ್ನು ಹೇಗೂ ಹೊಸದಾಗಿ ಕಟ್ಟುತ್ತಿದ್ದರೆ ಮಾತ್ರ ಈ ಆಯ್ಕೆಯ ಲೆಕ್ಕ ಕೂಡುತ್ತದೆ.

ಜಾಯಿಂಟ್

ಕೇಬಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಜಾಯಿಂಟ್ ಗುಂಡಿಯಲ್ಲಿ ತಯಾರಾಗುತ್ತದೆ. ಡ್ರಮ್ಮಿನಲ್ಲಿ ಬರುವುದು ಇನ್ನೂರೈವತ್ತು–ಮುನ್ನೂರು ಮೀಟರ್, ಆದ್ದರಿಂದ ಕಿಲೋಮೀಟರಿಗೆ ಮೂರು ನಾಲ್ಕು ಜಾಯಿಂಟ್ ತಪ್ಪದು. ಹೊಸ ಕೇಬಲ್ ಮಾರ್ಗ ಕೆಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಇವನ್ನೇ.

ಕೇಬಲಿನ ಹೊರ ಪಿವಿಸಿ, ಉಕ್ಕಿನ ಪಟ್ಟಿಯ ಕವಚ, ಒಳ ಹೊದಿಕೆ, ತಾಮ್ರದ ಟೇಪ್ ಇವನ್ನೆಲ್ಲ ಅಳತೆಗೆ ತಕ್ಕಂತೆ ತೆಗೆದ ಮೇಲೆ ಕಾಣುವುದು ಕಪ್ಪು ಸೆಮಿಕಾನ್ (ಅರೆವಾಹಕ) ಪದರ. ಅದರಡಿಯ ಹಾಲುಬಿಳಿ ಎಕ್ಸ್‌ಎಲ್‌ಪಿಇಗೆ ಚೂರೂ ಗಾಯವಾಗದಂತೆ ಕಪ್ಪನ್ನು ಸುಲಿಯಬೇಕು. ಬ್ಲೇಡು ಕೂದಲೆಳೆಯಷ್ಟು ಒಳಹೊಕ್ಕರೂ ಆ ಗೀರಿನಲ್ಲಿ ಗಾಳಿ ನಿಂತು, ಅಲ್ಲಿ ಸಣ್ಣ ಸಣ್ಣ ಕಿಡಿಗಳು ಶುರುವಾಗಿ, ತಿಂಗಳುಗಟ್ಟಲೆ ತಿಂದು, ಒಂದು ದಿನ ಜಾಯಿಂಟ್ ಸಿಡಿಯುತ್ತದೆ. ಸುಲಿದ ಮೇಲೆ ಅಲ್ಯುಮಿನಿಯಂ ಆಕ್ಸೈಡಿನ ಉಜ್ಜುಬಟ್ಟೆಯಿಂದ ನಯಮಾಡಿ, ದ್ರಾವಣದಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಬೇಕು. ಒರೆಸುವುದು ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ, ಒಂದೇ ದಿಕ್ಕಿಗೆ. ತಿರುಗಿ ಎಳೆದರೆ ಕಪ್ಪಿನ ಇಂಗಾಲದ ಪುಡಿ ಬಿಳಿಯ ಮೇಲೆ ಬಳಿದುಕೊಂಡು ಕರೆಂಟಿಗೆ ದಾರಿಯಾಗುತ್ತದೆ. ಆಮೇಲೆ ಷಡ್ಭುಜದ ಡೈಯಲ್ಲಿ ಕನೆಕ್ಟರ್ ಒತ್ತಿ, ಅಂಚುಗಳ ಮುಳ್ಳು ಅರದಿಂದ ಸವರಿ, ಸ್ಟ್ರೆಸ್ ಕಂಟ್ರೋಲ್ ಕೊಳವೆ (ವಿದ್ಯುತ್ ಒತ್ತಡ ಒಂದೇ ಕಡೆ ಸೇರದಂತೆ ಹರಡುವುದು), ಇನ್ಸುಲೇಷನ್ ಕೊಳವೆಗಳನ್ನು ನಡುವಿನಿಂದ ಎರಡು ತುದಿಗೆ ಬೆಂಕಿ ತೋರಿಸುತ್ತ ಕುಗ್ಗಿಸಬೇಕು. ತುದಿಯಿಂದ ನಡುವಿಗೆ ಬಂದರೆ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಸರಿಯಾಗಿ ಮಾಡಿದರೆ ಇದಕ್ಕೆ ಮೂರರಿಂದ ಐದು ಗಂಟೆ ಬೇಕು. ‘ಒಂದು ಗಂಟೆಯಲ್ಲಿ ಮುಗಿಸಿಕೊಡ್ತೀವಿ ಸಾರ್’ ಎಂದವರಿಗೆ ಬೇಡ ಅನ್ನಿ. ಮಳೆಯಲ್ಲಿ ಟೆಂಟಿಲ್ಲದೆ ಜಾಯಿಂಟ್ ಮಾಡಿಸಬೇಡಿ. ಎರಡೂ ಬದಿ ಎರಡು ಮೂರು ಮೀಟರ್ ಕೇಬಲ್ ಸುತ್ತಿ ಹೆಚ್ಚುವರಿ ಬಿಡಲಿ, ನಾಳೆ ಆ ಜಾಯಿಂಟ್ ಕತ್ತರಿಸಿ ಹೊಸದು ಮಾಡಲು ಉದ್ದ ಸಾಲಬೇಕಲ್ಲ. ಮುಚ್ಚುವ ಮೊದಲು ಜಾಯಿಂಟಿನ ಫೋಟೊ, ಜಾಗದ ಜಿಪಿಎಸ್, ಜಾಯಿಂಟರ್ ಹೆಸರು, ತಾರೀಖು ದಾಖಲಾಗಲಿ. ಹೆಸರು ಬರೆಯುತ್ತಾರೆ ಎಂದು ಗೊತ್ತಾದರೆ ಕೆಲಸವೂ ಸುಧಾರಿಸುತ್ತದೆ.

ಉಂಗುರ ಇಲ್ಲದ ನೆಲದಡಿ ಮಾರ್ಗ ಬೇಡ

ತಂತಿಯ ದೋಷ ಕಣ್ಣಿಗೆ ಬೀಳುತ್ತದೆ, ಕೇಬಲಿನದು ಬೀಳುವುದಿಲ್ಲ. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ಯಾವ ಫೇಸ್ ಕೆಟ್ಟಿದೆ ಎಂದು ತಿಳಿದು, ಟಿಡಿಆರ್ ಎಂಬ ಉಪಕರಣದಿಂದ ದೋಷದ ದೂರ ಅಳೆದು, ಆಮೇಲೆ ಥಂಪರ್ ಎಂಬ ಯಂತ್ರದಿಂದ ಹೆಚ್ಚು ವೋಲ್ಟೇಜಿನ ಹೊಡೆತ ಕೊಡುತ್ತ, ರಸ್ತೆಯ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ನಡೆಯುತ್ತ, ‘ಧಡ್’ ಸದ್ದು ಜೋರಾದ ಕಡೆ ಅಗೆಯಬೇಕು. ಹುಡುಕುವುದು, ಅಗೆಯುವುದು, ಜಾಯಿಂಟ್ ಎಲ್ಲ ಸೇರಿ ಒಂದು ಹಗಲೋ ಒಂದು ದಿನವೋ ಹಿಡಿಯುತ್ತದೆ. ಕೇಬಲಿನ ದೋಷ ತಾನಾಗಿ ವಾಸಿಯಾಗುವುದೂ ಇಲ್ಲ, ಆದ್ದರಿಂದ ನೆಲದಡಿ ಫೀಡರಿನಲ್ಲಿ ಆಟೊ ರಿಕ್ಲೋಸ್ (ಬ್ರೇಕರ್ ತಾನಾಗಿ ಮತ್ತೆ ಕೂರುವ ವ್ಯವಸ್ಥೆ) ಆಫ್ ಮಾಡಿಡಬೇಕು. ಪದೇಪದೇ ಕೂರಿಸಿದರೆ ಕೆಟ್ಟ ಜಾಗ ಇನ್ನಷ್ಟು ಸುಡುತ್ತದೆ.

ಅಷ್ಟು ಹೊತ್ತು ಜನ ಕತ್ತಲಲ್ಲಿ ಕೂರದಂತೆ ಮಾಡುವುದು ಆರ್‌ಎಂಯು, ರಿಂಗ್ ಮೇನ್ ಯೂನಿಟ್ ಎಂಬ ಸ್ವಿಚ್ ಪೆಟ್ಟಿಗೆ. ಫೀಡರನ್ನು ಉಂಗುರದಂತೆ ಹಾಕಿ, ನಡುನಡುವೆ ಆರ್‌ಎಂಯು ಇಟ್ಟು, ಎರಡು ಕಡೆಯಿಂದ ಕರೆಂಟ್ ಬರುವಂತಿದ್ದರೆ, ಕೆಟ್ಟ ತುಣುಕನ್ನು ಎರಡು ಬದಿಯಲ್ಲಿ ಬೇರ್ಪಡಿಸಿ ಉಳಿದವರಿಗೆ ಅರ್ಧ ಗಂಟೆಯಲ್ಲಿ ಕೊಡಬಹುದು. ಪ್ರತಿ ಆರ್‌ಎಂಯುವಿನಲ್ಲಿ ದೋಷಸೂಚಕ ದೀಪ ಇರಲಿ. ದೀಪ ಮಿನುಗುವ ಕೊನೆಯ ಪೆಟ್ಟಿಗೆಗೂ ಮಿನುಗದ ಮೊದಲ ಪೆಟ್ಟಿಗೆಗೂ ನಡುವೆ ದೋಷ ಇದೆ ಎಂದು ಮಧ್ಯರಾತ್ರಿಯಲ್ಲೂ ಲೈನ್‌ಮನ್‌ಗೆ ಗೊತ್ತಾಗುತ್ತದೆ. ದುಡ್ಡು ಸಾಲದೆ ಆರ್‌ಎಂಯು ಬಿಟ್ಟು ಕೇಬಲ್ ಮಾತ್ರ ಹಾಕುವ ಪ್ರಸ್ತಾವ ಬಂದರೆ ಒಪ್ಪಬೇಡಿ. ಅರ್ಧ ಉದ್ದವನ್ನೇ ಹಾಕಿಸಿ, ಆದರೆ ಉಂಗುರ ಮುಚ್ಚಿಸಿ.

ಪೆಟ್ಟಿಗೆಯ ಜಾಗಕ್ಕೆ ಅದರ ಬಾಗಿಲು ಪೂರ್ತಿ ತೆರೆಯುವಷ್ಟು ಮುಂದೆ ಖಾಲಿ ಬೇಕು. ಬುಡದ ಕಟ್ಟೆಯನ್ನು ಆ ಬೀದಿಯಲ್ಲಿ ನೀರು ನಿಂತ ಅತಿ ಎತ್ತರದ ಗುರುತಿಗಿಂತ ಮೇಲೆ ಕಟ್ಟಬೇಕು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ಕಡೆ ಮನೆಗೋಡೆಗಳ ಮೇಲಿನ ನೀರಿನ ಗೆರೆ ನೋಡಿಯೇ ಕಟ್ಟೆಯ ಎತ್ತರ ಗೊತ್ತುಮಾಡಿ.

ಕರೆಂಟ್ ಆಫ್ ಮಾಡಿದ ಕೇಬಲ್ ಸತ್ತ ತಂತಿಯಲ್ಲ ಎಂಬುದೂ ಕೆಲಸ ಮಾಡುವವರಿಗೆ ತಿಳಿದಿರಬೇಕು. ಅದು ಉದ್ದನೆಯ ಕೆಪಾಸಿಟರ್ ಇದ್ದಂತೆ. 400ರ ಕೇಬಲ್ ಲೋಡ್ ಇಲ್ಲದಾಗಲೂ ಕಿಲೋಮೀಟರಿಗೆ ಸುಮಾರು ಒಂದು ಆಂಪಿಯರ್ ಎಳೆದುಕೊಳ್ಳುತ್ತದೆ, ಬಿಡಿಸಿದ ಮೇಲೂ ಒಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಅರ್ಥ್ ಸ್ವಿಚ್ ಹಾಕದೆ ಮುಟ್ಟುವಂತಿಲ್ಲ.

ಎಲ್‌ಟಿಯನ್ನೂ ಇಳಿಸಬೇಕೆ?

ಇಲ್ಲಿ ಖರ್ಚಿಗಿಂತ ಜಾಗದ ಪ್ರಶ್ನೆ ದೊಡ್ಡದು. ಎಲ್‌ಟಿ ನೆಲದಡಿಗೆ ಹೋದರೆ ಹತ್ತು ಹನ್ನೆರಡು ಮನೆಗೊಂದು ಫೀಡರ್ ಪಿಲ್ಲರ್ (ಕೇಬಲ್ ಕವಲೊಡೆಯುವ ಪೆಟ್ಟಿಗೆ) ಫುಟ್‌ಪಾತ್ ಮೇಲೆ ಬರುತ್ತದೆ. ಅಲ್ಲಿಂದ ಒಂದೊಂದು ಮನೆಯ ಗೇಟಿನ ಕೆಳಗೂ ತೋಡಿ ಸರ್ವೀಸ್ ಕೇಬಲ್ ಒಯ್ಯಬೇಕು, ಮೇಲಿನ ಮಹಡಿಯಲ್ಲಿರುವ ಹಳೆಯ ಮೀಟರ್ ಬೋರ್ಡನ್ನು ಕೆಳಗೆ ತರಬೇಕು. ಒಪ್ಪದ ಒಬ್ಬ ಮನೆಯವರಿದ್ದರೂ ಹಳೆಯ ಕಂಬ ಉಳಿಯುತ್ತದೆ. ಪಿಲ್ಲರಿನ ಬಾಗಿಲು ಮುರಿದು, ಮಳೆನೀರಲ್ಲಿ ನಿಂತರೆ ಅದೇ ಅಪಾಯ. ಫುಟ್‌ಪಾತ್ ಮೇಲಿನ ಪಿಲ್ಲರ್ ಬಾಕ್ಸ್‌ಗಳಿರುವ ಚೆನ್ನೈಯಲ್ಲಿ 2015ರ ಪ್ರವಾಹದಲ್ಲಿ ಮುಳುಗಿದ ಬಡಾವಣೆಗಳ ಕರೆಂಟನ್ನು ಬೇಕೆಂದೇ ಕಡಿಯಬೇಕಾಯಿತು. ಹಾಗೆಂದು ಆಗದ ಕೆಲಸವಲ್ಲ. ಮುಂಬೈನ ದ್ವೀಪ ಭಾಗದಲ್ಲಿ ಬೆಸ್ಟ್ ಸಂಸ್ಥೆಯ ಜಾಲವೆಲ್ಲ ನೆಲದಡಿಯದೇ.

ಹೊಸ ಬಡಾವಣೆಯಲ್ಲಿ ರಸ್ತೆಗೆ ಜಲ್ಲಿ ಬೀಳುವ ಮೊದಲು ಎಲ್‌ಟಿಯನ್ನೂ ಹೂಳುವುದೇ ಸರಿ. ಮನೆ ಇಲ್ಲದ ಸೈಟಿಗೂ ಗಡಿಯವರೆಗೆ ಪೈಪ್ ಹಾಕಿ ತುದಿ ಮುಚ್ಚಿಡಿ. ಅಗಲ ಫುಟ್‌ಪಾತಿನ ವ್ಯಾಪಾರದ ರಸ್ತೆಯಲ್ಲೂ ಇಳಿಸಿ. ಮಲ್ಲೇಶ್ವರ, ಬಸವನಗುಡಿ, ಜಯನಗರದಂಥ ಮರಗಳ ಬೀದಿಯಲ್ಲಿ ಇಳಿಸಬೇಡಿ: ಎರಡೂ ಬದಿ ಉದ್ದಕ್ಕೆ ಕಾಲುವೆ ತೋಡಿದರೆ ಬೇರು ಕಡಿದ ಗುಲ್‌ಮೊಹರ್ ಮುಂದಿನ ಏಪ್ರಿಲ್–ಮೇ ಗಾಳಿಮಳೆಗೆ ಕಾರಿನ ಮೇಲೆ ಬೀಳುತ್ತದೆ. ಅಲ್ಲಿ 11 ಕೆವಿಗೆ ಬೇರಿನಡಿ ಕೊರೆತ, ಎಲ್‌ಟಿಗೆ ಎಬಿ ಕೇಬಲ್. ಪೇಟೆಯ ಓಣಿಗಳಲ್ಲಿ ಪಿಲ್ಲರ್ ಇಡಲು ಜಾಗವೇ ಇಲ್ಲ. ಗೋಡೆಗೆ ಬ್ರಾಕೆಟ್ ಹೊಡೆದು ಎಬಿ ಕೇಬಲ್ ಹರಿಸಿ, ಆಳೆತ್ತರಕ್ಕೂ ಮೇಲೆ ಗೋಡೆಪೆಟ್ಟಿಗೆ ಇಡುವುದು ಮೇಲು. ಹಳೇ ಕಾಶಿಯ ಓಣಿಗಳಲ್ಲಿ ತಂತಿ ನೆಲದಡಿಗೆ ಹೋಗಿವೆ ನಿಜ, ಆದರೆ ಅದು ಒಂದೇ ಸಂಸ್ಥೆಯ ಕೈಗೆ ಇಡೀ ಪ್ರದೇಶ ಕೊಟ್ಟು ಮಾಡಿಸಿದ್ದು. ಓಣಿ ಓಣಿಯಾಗಿ ಬಿಡಿಬಿಡಿ ಟೆಂಡರ್ ಕರೆದರೆ ಆಗುವಂಥದ್ದಲ್ಲ.

ಇಂಟರ್‌ನೆಟ್ ಕೇಬಲ್ ಮರೆಯಬೇಡಿ

ಕಂಬ ತೆಗೆದ ಮರುದಿನ ಕಪ್ಪು ಕೇಬಲ್‌ಗಳು ಮರಕ್ಕೆ ನೇತುಬೀಳುತ್ತವೆ. ತಡೆಯುವ ದಾರಿ ಒಂದೇ: 11 ಕೆವಿ ಹಾಕುವಾಗಲೇ 40/33 ಮಿಮೀ (ಹೊರಗೆ 40, ಒಳಗೆ 33) ಡಕ್ಟ್‌ಗಳನ್ನು ವಿದ್ಯುತ್ತಿನಿಂದ 0.3 ಮೀಟರ್ ದೂರದಲ್ಲಿ ಹಾಕಿ ಬಾಡಿಗೆಗೆ ಕೊಡುವುದು, ಆಮೇಲೆ ಗಡುವು ಕೊಟ್ಟು ಮೇಲಿನದನ್ನು ಕತ್ತರಿಸುವುದು. ಡಕ್ಟ್ ಕೊಡದೆ ಕತ್ತರಿಸಿದರೆ ರಾತ್ರಿಯೊಳಗೆ ಮತ್ತೆ ಕಟ್ಟುತ್ತಾರೆ. ಬೀದಿದೀಪಕ್ಕೂ ಬೇರೆ ಕಂಬ, ಬೇರೆ ಕೇಬಲ್ ಅಂದಾಜಿನಲ್ಲಿ ಇದೆಯೇ ನೋಡಿ, ಇದನ್ನು ಎಷ್ಟೋ ಕಡೆ ಮರೆತಿರುತ್ತಾರೆ.

ದುಡ್ಡು ಕೊಡುವ ಮೊದಲು

ಖಾಸಗಿ ಬಡಾವಣೆಯವರು ಮೇಲ್ವಿಚಾರಣಾ ಶುಲ್ಕ ಕಟ್ಟಿ ತಮ್ಮದೇ ಪರವಾನಗಿ ಇರುವ ಗುತ್ತಿಗೆದಾರರಿಂದ ಮಾಡಿಸುವುದುಂಟು. ಆಗ ಅಂದಾಜಿನಲ್ಲಿ ಕೇಬಲಿನ ಬೆಲೆ ಮಾತ್ರ ನೋಡಬೇಡಿ. ಕೊರೆತ, ಆರ್‌ಎಂಯು, ರಸ್ತೆ ದುರಸ್ತಿ, ಪಾಲಿಕೆಯ ರಸ್ತೆ ಅಗೆತದ ಶುಲ್ಕ, ಹಳೆಯ ಕಂಬ ಕಿತ್ತು ಸಾಗಿಸುವುದು, ಒಂದು ಡ್ರಮ್ ಹೆಚ್ಚುವರಿ ಕೇಬಲ್ ಮತ್ತು ಎರಡು ಜಾಯಿಂಟ್ ಕಿಟ್ ಎಲ್ಲ ಸೇರಿದೆಯೇ ಕೇಳಿ.

ಕೇಬಲ್ ಹಾಕಿದ ಕೂಡಲೇ, ಜಾಯಿಂಟ್ ಮಾಡುವ ಮೊದಲು 5 ಕೆವಿ ಮೆಗ್ಗರ್ ಪರೀಕ್ಷೆ ಆಗಲಿ. ಎಳೆಯುವಾಗ ಆದ ಗಾಯ ಆಗಲೇ ಸಿಕ್ಕಿದರೆ ತಪ್ಪು ಯಾರದೆಂಬ ಜಗಳ ಇರುವುದಿಲ್ಲ. ಎಲ್ಲ ಮುಗಿದ ಮೇಲೆ 0.1 ಹರ್ಟ್ಸಿನ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಪರೀಕ್ಷೆ, ಫೇಸಿಗೆ ಸುಮಾರು 19 ಕೆವಿ. ಹಳೆಯ ಪದ್ಧತಿಯ ಡಿಸಿ ಹೈಪಾಟ್ (ಡಿಸಿಯಲ್ಲಿ ಹೆಚ್ಚು ವೋಲ್ಟೇಜಿನ ಪರೀಕ್ಷೆ) ಮಾಡಿಬಿಡುತ್ತೇವೆ ಎಂದರೆ, ಕೆಲವು ವರ್ಷ ಬಳಸಿದ ಎಕ್ಸ್‌ಎಲ್‌ಪಿಇ ತುಣುಕು ಮಾರ್ಗದಲ್ಲಿ ಸೇರಿದ್ದರೆ ಬೇಡ ಅನ್ನಿ. ಡಿಸಿ ಒಳಗೆ ಚಾರ್ಜ್ ಉಳಿಸಿ ಆಮೇಲೆ ಅದನ್ನು ಕೆಡಿಸುತ್ತದೆ.

ಹಳೆಯ ತಂತಿಯನ್ನು ಕೂಡಲೇ ಇಳಿಸಬೇಡಿ. ಹೊಸ ಕೇಬಲ್ ಒಂದು ಬೇಸಿಗೆಯ ಪೂರ್ತಿ ಲೋಡ್ ಹೊರಲಿ, ಟರ್ಮಿನೇಷನ್‌ಗಳನ್ನು (ಕೇಬಲ್ ತುದಿಯ ಜೋಡಣೆಗಳನ್ನು) ಸಂಜೆಯ ಹೊತ್ತು ಥರ್ಮಲ್ ಕ್ಯಾಮೆರಾದಲ್ಲಿ ನೋಡಿ, ಒಂದು ಫೇಸ್ ಉಳಿದೆರಡಕ್ಕಿಂತ ಬಿಸಿ ಕಂಡರೆ ಬಿಚ್ಚಿ ಮತ್ತೆ ಒತ್ತಿಸಿ. ಅಲ್ಲಿಯವರೆಗೆ ಹಳೆಯ ಮಾರ್ಗವನ್ನು ಎರಡೂ ತುದಿಯಲ್ಲಿ ಜಂಪರ್ (ಜೋಡಿಸುವ ತುಂಡು ತಂತಿ) ಬಿಚ್ಚಿ, ಅರ್ಥ್ ಮಾಡಿ ನಿಲ್ಲಿಸಿಡಿ. ಬರಿ ಜಿಓಎಸ್ (ಕಂಬದ ಮೇಲಿನ ಸ್ವಿಚ್) ತೆಗೆದರೆ ಸಾಲದು. ರೂಟ್ ಮಾರ್ಕರ್ ಕಲ್ಲುಗಳನ್ನು ಪ್ರತಿ ತಿರುವಿಗೂ, ಪ್ರತಿ ಜಾಯಿಂಟಿಗೂ ನೆಟ್ಟ ಮೇಲೆಯೇ ಕೊನೆಯ ಕಂತು ಬಿಡುಗಡೆ ಮಾಡಿ, ಮತ್ತು ಆಳ, ಅಳತೆ, ಜಾಯಿಂಟಿನ ಜಾಗ ಎಲ್ಲ ಇರುವ ನಕ್ಷೆಯ ಒಂದು ಪ್ರತಿ ಸಂಘದ ಕಚೇರಿಯ ಗೋಡೆಗೆ ಅಂಟಿಸಿ. ಜಲಮಂಡಳಿಯ ಜೆಸಿಬಿ ಬೆಳಿಗ್ಗೆ ಆರಕ್ಕೆ ಬಂದಾಗ ತೋರಿಸಲು ಅದು ಕೈಗೆ ಸಿಗಬೇಕು.